ಅಪ್‌ಡೇಟ್: ಸಿಎಂಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್) ಅಂತ ಗೊತ್ತಾಗಿ ಒಂದು ವರ್ಷ ಆಯ್ತು

ಹೋದ ವರ್ಷ ನಾನು ಕೇಳಿದ್ದು ಇಷ್ಟು: ಬಿಳಿ ರಕ್ತಕಣ 1,40,000 ಇದೆ, ಸಿಎಂಎಲ್ ಅಂದಿದ್ದಾರೆ, ದಿನಾ ಮಾತ್ರೆ ನುಂಗಿದರೆ ಸಾಕಂತೆ, ಇದನ್ನು ನಂಬಬಹುದಾ? ಧೈರ್ಯ ಹೇಳಿದ ಎಲ್ಲರಿಗೂ ಈಗ ನಾನೇ ಹೇಳುತ್ತೇನೆ, ನಂಬಬಹುದು.

ಆಗ ಫಿಲಡೆಲ್ಫಿಯಾ ಕ್ರೋಮೋಸೋಮ್ ಅಂದರೆ ತಲೆಬುಡ ತಿಳಿದಿರಲಿಲ್ಲ. 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲು ಬದಲಾಗಿ ಈ ಕ್ರೋಮೋಸೋಮ್ ಆಗುತ್ತದೆ, ಅದರಲ್ಲಿ ಬಿಸಿಆರ್-ಎಬಿಎಲ್ ಅನ್ನೋ ಹೊಸ ಜೀನ್ ಹುಟ್ಟುತ್ತದೆ, ಅದರಿಂದ ಬರೋ ಪ್ರೋಟೀನ್ ಬಿಳಿ ಕಣ ಮಾಡು, ಇನ್ನೂ ಮಾಡು ಅಂತ ಬಿಡದೆ ಹೇಳುತ್ತಲೇ ಇರುತ್ತದೆ. ನಾನು ದಿನಾ ನುಂಗೋ ಮಾತ್ರೆ ಇಮ್ಯಾಟಿನಿಬ್ ಅದರ ಬಾಯಿ ಮುಚ್ಚಿಸುತ್ತದೆ. ಈ ಕಾಯಿಲೆ ಹೆತ್ತವರಿಂದ ಬಂದದ್ದಲ್ಲ, ಮಕ್ಕಳಿಗೂ ಹೋಗಲ್ಲ. ಅದನ್ನು ಕೇಳಿದ ದಿನ ಅತ್ತುಬಿಟ್ಟೆ.

ಮೂರು ತಿಂಗಳಿಗೊಮ್ಮೆ ಪಿಸಿಆರ್ ಟೆಸ್ಟ್, ರಕ್ತದಲ್ಲಿ ಆ ಬಿಸಿಆರ್-ಎಬಿಎಲ್ ಎಷ್ಟು ಉಳಿದಿದೆ ಅಂತ ನೋಡೋದು. ಮೊದಲ ಸಲ 10%ಗಿಂತ ಕೆಳಗೆ ಬರಬೇಕು ಅಂದಿದ್ದರು, 4% ಬಂತು. ಈಗ 0.08%.

ಸುಲಭ ಅಂತೇನೂ ಅಲ್ಲ. ಬೆಳಿಗ್ಗೆ ಕನ್ನಡಿ ನೋಡಿದರೆ ರೆಪ್ಪೆ ಊದಿರುತ್ತದೆ, ರಾತ್ರಿ ಮೀನಖಂಡ ಹಿಡಿದುಕೊಂಡು ಎದ್ದು ಕೂರುತ್ತೇನೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಜಾಸ್ತಿ, ಊಟದ ಜೊತೆ ದೊಡ್ಡ ಲೋಟ ನೀರಲ್ಲಿ ತಗೊಂಡರೆ ಪರವಾಗಿಲ್ಲ.

ನಡುವೆ ಚೆನ್ನಾಗೇ ಇದ್ದೀನಲ್ವಾ ಅಂತ ಐದಾರು ದಿನ ಮಾತ್ರೆ ಬಿಟ್ಟಿದ್ದೆ. ಡಾಕ್ಟರ್ ಬೈಯಲಿಲ್ಲ, ಹೀಗೆ ಬಿಡ್ತಾ ಹೋದರೆ ಔಷಧಿ ನಾಟದೇ ಹೋಗಬಹುದು ಅಂತ ಕೂರಿಸಿಕೊಂಡು ಹೇಳಿದರು. ದಯವಿಟ್ಟು ನೀವ್ಯಾರೂ ಹಾಗೆ ಮಾಡಬೇಡಿ. ತೊಂದರೆ ಇದ್ದರೆ ಅವರಿಗೇ ಹೇಳಿ, ಬೇರೆ ಮಾತ್ರೆಗಳೂ ಇವೆ.

ಮುಂದಿನ ಟೆಸ್ಟ್ ಮುಂದಿನ ತಿಂಗಳು, ಬಂದ ಮೇಲೆ ಬರೆಯುತ್ತೇನೆ.