ಕೂಪನ್ ಹಾಕಿಯೇ ತರುತ್ತೇನೆ, ಆದರೂ ತಿಂಗಳ ದಿನಸಿ ಖರ್ಚು ಇಳಿದಿಲ್ಲ. ಎಲ್ಲಿ ಸೋರುತ್ತಿದೆ?

ಲೆಕ್ಕದ ಪುಸ್ತಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮಗು ಸೇರಿ ಐದು ಜನ. ದಿನಸಿ, ಸೋಪು, ಬಟ್ಟೆ ಒಗೆಯುವ ಪುಡಿ, ನೆಲ ಒರೆಸುವ ಲಿಕ್ವಿಡ್ಡು, ಎಲ್ಲ ತರುವ ಜವಾಬ್ದಾರಿ ನನ್ನದೇ. ಈಗೀಗ ಕೂಪನ್ ಇಲ್ಲದೆ ಒಂದು ಸೋಪನ್ನೂ ಕೊಳ್ಳುವುದಿಲ್ಲ ಅನ್ನುವಷ್ಟಕ್ಕೆ ಬಂದಿದ್ದೇನೆ. ಪೇಪರಿನಲ್ಲಿ ಬಂದದ್ದನ್ನು ಕತ್ತರಿಸಿಡುತ್ತೇನೆ, ಪ್ಯಾಕಿನೊಳಗೆ ಸಿಕ್ಕ ಚೀಟಿ ಬಿಸಾಡುವುದಿಲ್ಲ, ಆ್ಯಪ್‌ನಲ್ಲಿ ಕೋಡ್ ಹುಡುಕದೆ ದುಡ್ಡು ಕಟ್ಟುವುದಿಲ್ಲ. ಬಿಲ್ಲಿನ ಕೆಳಗೆ ಹಸಿರು ಅಕ್ಷರದಲ್ಲಿ "ನೀವು ಇಷ್ಟು ಉಳಿಸಿದ್ದೀರಿ" ಅಂತ ಬರುತ್ತದಲ್ಲ, ಅದನ್ನು ನೋಡಿದರೆ ಖುಷಿಯೂ ಆಗುತ್ತದೆ.

ಆದರೆ ನನಗೆ ಲೆಕ್ಕ ಬರೆದಿಡುವ ಚಾಳಿ. ತಿಂಗಳ ಕೊನೆಗೆ ಕೂಡಿ ನೋಡಿದರೆ ಒಟ್ಟು ಖರ್ಚು ಮೊದಲಿನಷ್ಟೇ, ಕೆಲವು ತಿಂಗಳು ಜಾಸ್ತಿಯೇ. ಬೆಲೆ ಏರಿದೆ, ಒಪ್ಪಿದೆ. ಆದರೂ ಆ ಹಸಿರು ಮೊತ್ತಗಳನ್ನೆಲ್ಲ ಕೂಡಿದರೆ ಬೆಲೆ ಏರಿಕೆಯನ್ನು ನುಂಗಿ ಇನ್ನಷ್ಟು ಉಳಿಯಬೇಕಿತ್ತು. ಯಜಮಾನರು "ಬಿಡು ಮಾರಾಯ್ತಿ, ಆ ಹೊತ್ತಿನಲ್ಲಿ ನಿದ್ದೆಯಾದರೂ ಮಾಡು" ಅನ್ನುತ್ತಾರೆ. ಅತ್ತೆಗೆ ಮಾತ್ರ ಮಂಚದ ಕೆಳಗೆ ಪೇರಿಸಿಟ್ಟ ಸೋಪು ನೋಡಿದರೆ ಅದೇನೋ ಸಮಾಧಾನ.

ಯಾವ ಕೂಪನ್ ನಿಜಕ್ಕೂ ಲಾಭ ಅಂತ ಕಂಡುಹಿಡಿಯುವುದು ಹೇಗೆ? ಎರಡು ಒಟ್ಟಿಗೆ ಹಾಕಬಹುದಾದರೆ ಯಾವುದು ಮೊದಲು? ಉಪದೇಶ ಬೇಡ, ಲೆಕ್ಕ ಬೇಕು.

ಹಳೇ ಕ್ಯಾಷಿಯರ್:

ಲೆಕ್ಕ ಬೇಕು ಅಂದಿರಲ್ಲ ಅಕ್ಕಾ, ಅದಕ್ಕೇ ಬರೆಯಲು ಕೂತೆ. ದೊಡ್ಡ ಅಂಗಡಿಯೊಂದರ ಬಿಲ್ಲಿಂಗ್ ಕೌಂಟರ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಜನ ಕೂಪನ್ ಹಿಡಿದು ಬರುವುದನ್ನು ಎದುರಿನಿಂದ ನೋಡಿದ್ದೇನೆ. ಕೆಳಗಿನ ಅಂಕಿಗಳೆಲ್ಲ ಲೆಕ್ಕಕ್ಕೆಂದು ಇಟ್ಟುಕೊಂಡವು, ಯಾವ ಅಂಗಡಿಯ ಬೆಲೆಯೂ ಅಲ್ಲ.

ಮೊದಲು ಆ ಹಸಿರು ಅಕ್ಷರ. ಅದು ಪ್ಯಾಕಿನ ಮೇಲೆ ಅಚ್ಚಾದ ಬೆಲೆಯಿಂದ ಕಳೆದು ಬರೆಯುವ ಮೊತ್ತ. ನೀವು ಬೇರೆ ಕಡೆ ಎಷ್ಟಕ್ಕೆ ತರುತ್ತಿದ್ದಿರಿ ಅನ್ನುವುದು ಯಂತ್ರಕ್ಕೆ ಗೊತ್ತಿಲ್ಲ. ಅಚ್ಚಾದ ಬೆಲೆ 100, ಎಲ್ಲ ಕಡೆ 88ಕ್ಕೆ ಸಿಗುತ್ತದೆ, ಕೂಪನ್ ಹಾಕಿ ನಿಮಗೆ 85ಕ್ಕೆ ಬಂತು ಅನ್ನಿ. ಬಿಲ್ಲು 15 ಉಳಿಸಿದಿರಿ ಅನ್ನುತ್ತದೆ. ಉಳಿದದ್ದು 3. ನಿಮ್ಮ ಸೋರಿಕೆಯಲ್ಲಿ ಅರ್ಧ ಇಲ್ಲೇ ಇರಬಹುದು, ಯಾಕೆಂದರೆ ಬಾರದ ದುಡ್ಡನ್ನು ಬಂತು ಅಂತ ಕೂಡುತ್ತಿದ್ದೀರಿ.

ಇನ್ನರ್ಧ "ಇಷ್ಟಕ್ಕೆ ಮೇಲೆ ಕೊಂಡರೆ ಇಷ್ಟು ಕಡಿತ" ಅನ್ನುವ ಕೂಪನ್‌ನಲ್ಲಿ. 500ಕ್ಕೆ 50 ಕಡಿತ ಅಂತಿಟ್ಟುಕೊಳ್ಳಿ. ನಿಮ್ಮ ಸಾಮಾನು 470 ಆಗಿದ್ದರೆ 30ರದ್ದು ಏನಾದರೂ ಸೇರಿಸಿ, ಕೊಡುವುದು 450. ಮೊದಲಿಗಿಂತ ಕಡಿಮೆ ಕೊಟ್ಟು ಒಂದು ವಸ್ತು ಹೆಚ್ಚಿಗೆ ತಂದಿರಿ, ಕಣ್ಣು ಮುಚ್ಚಿ ತನ್ನಿ. ಆದರೆ 400 ಆಗಿದ್ದರೆ? 100ರದ್ದು ಸೇರಿಸಿ 450 ಕೊಡುತ್ತೀರಿ, ಅಂದರೆ ಕೈಯಿಂದ 50 ಹೆಚ್ಚಿಗೆ ಹೋಯಿತು. ಸೇರಿಸಿದ್ದು ಮುಂದಿನ ವಾರ ಹೇಗೂ ತರಬೇಕಿದ್ದ ಸಾಮಾನಾದರೆ ಅರ್ಧ ಬೆಲೆಗೆ ಬಂದ ಹಾಗೆ, ಬಹಳ ಒಳ್ಳೆಯದು. ಇಲ್ಲದಿದ್ದರೆ 50 ಕೊಟ್ಟು ಬೇಡದ್ದನ್ನು ತಂದಿರಿ. ಕೊರತೆ ಕಡಿತಕ್ಕಿಂತ ಕಡಿಮೆ ಇದ್ದರೆ ಯೋಚಿಸಬೇಡಿ, ಹೆಚ್ಚಿದ್ದರೆ ಯೋಚಿಸಿ. ಕೌಂಟರ್‌ನಲ್ಲಿ ನಾನು "ಇನ್ನು ಸ್ವಲ್ಪ ತಗೊಂಡರೆ ಕೂಪನ್ ನಡೆಯುತ್ತೆ" ಅಂದರೆ ಜನ ಅಕ್ಕಿ ಬೇಳೆಯ ಕಡೆ ಹೋಗುತ್ತಿರಲಿಲ್ಲ. ಪಕ್ಕದಲ್ಲೇ ತೂಗುಹಾಕಿದ ಚಾಕೊಲೇಟು, ಬ್ಯಾಟರಿಗೆ ಕೈ ಹಾಕುತ್ತಿದ್ದರು. ಅವನ್ನು ಅಲ್ಲಿ ತೂಗುಹಾಕಿದ್ದೂ ಅದಕ್ಕೇ ಬಿಡಿ.

ಶೇಕಡಾ ಕೂಪನ್‌ನಲ್ಲಿ ಸಣ್ಣ ಅಕ್ಷರ ಓದಿ. "ಶೇ 20 ಕಡಿತ, ಗರಿಷ್ಠ 100" ಅಂದರೆ 500ರ ಬಿಲ್ಲಿಗೇ ಅದರ ಕೆಲಸ ಮುಗಿಯಿತು. 1000ದ ಬಿಲ್ಲಿಗೆ ಹಾಕಿದರೆ ಅದು ಶೇ 10 ಆಗುತ್ತದೆ. ಬಿಲ್ಲನ್ನು ಎರಡು ಮಾಡಿಸಿಕೊಳ್ಳಲು ಬಿಟ್ಟರೆ ಮಾಡಿಸಿಕೊಳ್ಳಿ, ನಾಚಿಕೆ ಬೇಡ.

ಎರಡು ಒಟ್ಟಿಗೆ ಹಾಕುವ ಪ್ರಶ್ನೆ: ಶೇಕಡಾ ಮೊದಲು, ಇಡಿ ಮೊತ್ತ ಆಮೇಲೆ. 500ರಲ್ಲಿ ಶೇ 10 ಹೋದರೆ 450, ಅದರಲ್ಲಿ 50 ಹೋದರೆ 400. ಉಲ್ಟಾ ಮಾಡಿದರೆ 450ರಲ್ಲಿ ಶೇ 10, ಅಂದರೆ 405. ದೊಡ್ಡ ವ್ಯತ್ಯಾಸವೇನಲ್ಲ, ಬಹಳ ಕಡೆ ಯಾವುದು ಮೊದಲು ಅನ್ನುವುದನ್ನು ಯಂತ್ರವೇ ತೀರ್ಮಾನಿಸುತ್ತದೆ. ಶೇ 20ರ ಮೇಲೆ ಶೇ 10 ಸೇರಿದರೆ 30 ಅಲ್ಲ, 28. ಇನ್ನೊಂದು ಒಳಗಿನ ವಿಷಯ. ಕೂಪನ್ ತಯಾರಕ ಕಂಪನಿಯದೋ ಅಂಗಡಿಯದೋ ನೋಡಿಕೊಳ್ಳಿ. ಕಂಪನಿಯ ಕೂಪನ್ ದುಡ್ಡನ್ನು ಅಂಗಡಿಯವರು ಆಮೇಲೆ ಕಂಪನಿಯಿಂದ ವಸೂಲಿ ಮಾಡುತ್ತಾರೆ, ಅಂಗಡಿಯದ್ದು ಅವರ ಕೈಯಿಂದಲೇ ಹೋಗುತ್ತದೆ. ಅದಕ್ಕೇ ಒಂದೇ ವಸ್ತುವಿಗೆ ಕಂಪನಿಯದೊಂದು, ಅಂಗಡಿಯದೊಂದು ಹಾಕಲು ಎಷ್ಟೋ ಕಡೆ ಬಿಡುತ್ತಾರೆ, ಕಂಪನಿಯದೇ ಎರಡು ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ಕೇಳಿ ನೋಡಿ.

ಕೊನೆಗೆ ಪ್ಯಾಕಿನ ಗಾತ್ರ, ನನ್ನ ಇಷ್ಟದ ವಿಷಯ. "ಯಾವ ಗಾತ್ರವಾದರೂ 10 ಕಡಿತ" ಅಂತಿದ್ದರೆ ಎಲ್ಲರೂ ದೊಡ್ಡ ಪ್ಯಾಕಿಗೆ ಹಾಕುತ್ತಾರೆ. 500 ಗ್ರಾಂ 85 ಇದ್ದದ್ದು 75 ಆಯಿತು, ನೂರು ಗ್ರಾಂಗೆ 15. ಅದೇ ಕೂಪನ್ 20ರ ನೂರು ಗ್ರಾಂ ಪ್ಯಾಕಿಗೆ ಹಾಕಿದರೆ 10 ಬಿತ್ತು. ಹಾಗಂತ ಸಣ್ಣದೇ ಯಾವಾಗಲೂ ಗೆಲ್ಲುವುದಿಲ್ಲ. ಕೂಪನ್ 200 ಗ್ರಾಂ ಪ್ಯಾಕಿಗೆ ಮಾತ್ರ, 60ರದ್ದು 50ಕ್ಕೆ ಅಂದರೆ ನೂರು ಗ್ರಾಂಗೆ 25. ಪಕ್ಕದಲ್ಲೇ ಕೂಪನ್ ಇಲ್ಲದ 500 ಗ್ರಾಂ 110ಕ್ಕೆ ಕೂತಿರುತ್ತದೆ, ನೂರು ಗ್ರಾಂಗೆ 22. ಪ್ಯಾಕಿನ ಬೆಲೆ ಬಿಡಿ, ನೂರು ಗ್ರಾಂ ಅಥವಾ ನೂರು ಎಂಎಲ್ ಬೆಲೆ ನೋಡಿ. "ಶೇ 50 ಹೆಚ್ಚು ಉಚಿತ" ಅಂದರೂ ಅರ್ಧ ಬೆಲೆ ಅಲ್ಲ, ಮೂರನೇ ಒಂದು ಭಾಗ ಮಾತ್ರ ಅಗ್ಗ. "ಎರಡನೆಯದು ಅರ್ಧ ಬೆಲೆಗೆ" ಅಂದರೆ ಒಟ್ಟು ಕಾಲು ಭಾಗ, ಅದೂ ಎರಡೂ ಬೇಕಿದ್ದರೆ.

ಗಿಜಿಗಿಜಿ ಬೇಡ:

ನಾನು ನಿಮ್ಮ ಯಜಮಾನರ ಪಕ್ಷ. ಗುಡ್ಡ ಅಗೆದು ಇಲಿ ಹಿಡಿಯುವ ಕೆಲಸ ಇದು. 1880ರ ದಶಕದಲ್ಲೇ ಕೋಕಾ ಕೋಲಾದವರು ಒಂದು ಲೋಟ ಉಚಿತ ಅಂತ ಚೀಟಿ ಹಂಚಿದ್ದರು. ಆ ಲೋಟ ಕುಡಿದವನು ಮುಂದಿನದಕ್ಕೆ ದುಡ್ಡು ಕೊಟ್ಟ. ಅಂದಿನಿಂದ ಇಂದಿನವರೆಗೆ ಅದೇ ಆಟ. ಬೆಲೆ ನೋಡಿ ಕೊಳ್ಳುವವನು ಕತ್ತರಿ ಹಿಡಿದು ಕೂಪನ್ ಹುಡುಕುತ್ತಾನೆ, ಅವನಿಗೊಂದು ಬೆಲೆ. ಪುರುಸೊತ್ತಿಲ್ಲದವನು ಪೂರ್ತಿ ಕೊಡುತ್ತಾನೆ. ಒಂದೇ ಸಾಮಾನಿಗೆ ಎರಡು ಬೆಲೆ ಇಡಲು ಅವರಿಗೆ ಇದು ಸುಲಭದ ದಾರಿ. ಅಂಗಡಿಯವರು ದಡ್ಡರಲ್ಲ.

ಹಳೇ ಕ್ಯಾಷಿಯರ್:

ದಡ್ಡರು ಅಂತ ಯಾರು ಅಂದರು ಸಾರ್? ಎರಡು ಬೆಲೆ ಇರುವುದು ನಿಜ ಅಂದಮೇಲೆ ಕಡಿಮೆಯದ್ದನ್ನು ಕೊಡುವವರ ಸಾಲಿನಲ್ಲಿ ನಿಂತರೆ ತಪ್ಪೇನು? ಅಮೆರಿಕದ ಜೆಸಿಪೆನ್ನಿ ಕಂಪನಿ 2012ರಲ್ಲಿ ಕೂಪನ್ನು, ಸೇಲು ಎಲ್ಲ ಕಿತ್ತುಹಾಕಿ ದಿನವೂ ಒಂದೇ ನೇರ ಬೆಲೆ ಅಂತ ಹೊರಟಿತು. ನಿಮ್ಮ ಹಾಗೆ ಗಿಜಿಗಿಜಿ ಬೇಡ ಅನ್ನುವವರಿಗೆ ಹೇಳಿ ಮಾಡಿಸಿದ ಅಂಗಡಿ. ಆ ವರ್ಷ ಮಾರಾಟ ಸುಮಾರು ಕಾಲು ಭಾಗ ಬಿತ್ತು, 2013ರ ಏಪ್ರಿಲ್‌ನಲ್ಲಿ ಮುಖ್ಯಸ್ಥ ರಾನ್ ಜಾನ್ಸನ್ ಮನೆಗೆ ಹೋದರು, ಕೂಪನ್ ವಾಪಸ್ ಬಂತು. ಕೂಪನ್ ಹಾಕಿದ ಖುಷಿಗೂ ಜನ ದುಡ್ಡು ಕೊಡುತ್ತಾರೆ. ಅಕ್ಕ ಕೇಳುತ್ತಿರುವುದು ಆ ಖುಷಿಯ ಬೆಲೆ ಎಷ್ಟು ಬೀಳುತ್ತಿದೆ ಅಂತ, ಅಷ್ಟೆ.

ಲೆಕ್ಕದ ಪುಸ್ತಕ:

ಇಬ್ಬರಿಗೂ ಥ್ಯಾಂಕ್ಸ್. ಹಳೆಯ ಬಿಲ್ಲುಗಳನ್ನು ಹರಡಿಕೊಂಡು ಕೂತಿದ್ದೇನೆ. 500 ಮುಟ್ಟಿಸಲು ಸೇರಿಸಿದ ಸಾಮಾನುಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿದರೆ ಬಿಲ್ಲು ತುಂಬ ಗೆರೆ! ಇನ್ನೊಂದು ಕೇಳಬೇಕು. ಕ್ಯಾಷ್‌ಬ್ಯಾಕ್ ಮತ್ತು ಕಡಿತ ಎರಡೂ ಒಂದೇ ತಾನೇ? ನಾನು ಎರಡನ್ನೂ ಒಂದೇ ಕಾಲಂನಲ್ಲಿ ಬರೆಯುತ್ತಿದ್ದೆ.

ಹಳೇ ಕ್ಯಾಷಿಯರ್:

ಬೇರೆ ಕಾಲಂ ಹಾಕಿ. ಕಡಿತ ಇವತ್ತೇ ನಿಮ್ಮ ಕೈಯಲ್ಲಿ ಉಳಿಯುವ ದುಡ್ಡು. ಕ್ಯಾಷ್‌ಬ್ಯಾಕ್ ಬಹಳ ಸಲ ದುಡ್ಡಾಗಿ ಬರುವುದೇ ಇಲ್ಲ, ಪಾಯಿಂಟ್ ಆಗಿ ಬರುತ್ತದೆ. ಅದೇ ಅಂಗಡಿಯಲ್ಲಿ, ಅವರು ಹೇಳಿದ ತಾರೀಖಿನೊಳಗೆ, ಮತ್ತೆ ಇಷ್ಟಕ್ಕೆ ಮೇಲೆ ಕೊಂಡರೆ ಬಳಸಬಹುದು. ಬಳಸಿದ ದಿನ ಬರೆಯಿರಿ, ಬಂದ ದಿನ ಬೇಡ. ಶೇ 20 ಕ್ಯಾಷ್‌ಬ್ಯಾಕ್ ಪೂರ್ತಿ ಬಳಸಿದರೂ 100 ಕೊಟ್ಟು 120ರ ಸಾಮಾನು ತಂದ ಹಾಗೆ, ಅಂದರೆ ನಿಜವಾದ ಕಡಿತ ಶೇ 17ರ ಹತ್ತಿರ.

ಬಿಲ್ಲು ಹರಡಿಕೊಂಡು ಕೂತಿದ್ದೀರಿ ಅಂದಿದ್ದಕ್ಕೆ ಇನ್ನೊಂದು: ಒಂದು ವಸ್ತು ವಾಪಸ್ ಕೊಟ್ಟಿದ್ದರೆ ಆ ಸಾಲು ಸರಿಯಾಗಿ ನೋಡಿ. ಕೂಪನ್ ಹಾಕಿದ ಬಿಲ್ಲಿನಲ್ಲಿ ಕಡಿತವನ್ನು ಎಲ್ಲ ಸಾಮಾನಿನ ಮೇಲೂ ಹಂಚಿರುತ್ತಾರೆ, ವಾಪಸ್ ಬರುವುದು ಹಂಚಿ ಕಳೆದ ಮೊತ್ತ. ಕೆಲವು ಕಡೆ ಬಿಲ್ಲು 500ಕ್ಕಿಂತ ಕೆಳಗೆ ಬಂತು ಅಂತ ಕೂಪನ್ ಲಾಭವನ್ನೇ ಹಿಂದಕ್ಕೆ ಎಳೆಯುತ್ತಾರೆ.

ಮತ್ತೆ, ಹೆಸರುವಾಸಿ ಬ್ರ್ಯಾಂಡಿಗೆ ಕೂಪನ್ ಇದೆ ಅಂತ ತರುವ ಮುಂಚೆ ಅಂಗಡಿಯದ್ದೇ ಹೆಸರಿನ ಪ್ಯಾಕಿನ ಬೆಲೆ ನೋಡಿ. ಕೂಪನ್ ಕಳೆದ ಮೇಲೂ ಬ್ರ್ಯಾಂಡಿನದ್ದೇ ದುಬಾರಿ ಆಗಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಉಪ್ಪು, ಸಕ್ಕರೆ, ಕಸದ ಚೀಲದಲ್ಲಿ ಬ್ರ್ಯಾಂಡಿಗೆ ದುಡ್ಡು ಸುರಿಯುವುದು ನನಗಂತೂ ಅರ್ಥವಾಗುವುದಿಲ್ಲ. ಪಾತ್ರೆ ತೊಳೆಯುವ ಸೋಪಿನಲ್ಲಿ ಮಾತ್ರ ನಾನೂ ಹಟಮಾರಿ, ಅದು ನೊರೆ ಬರಲೇಬೇಕು.

ಉಗ್ರಾಣದವರು:

ಮಂಚದ ಕೆಳಗಿನ ಸೋಪಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಸೋಪು ಕೆಡುವ ವಸ್ತುವಲ್ಲ, ಅತ್ತೆಯವರು ಹೇಳುವುದು ಸರಿ. ಕಾಗದ ಬಿಚ್ಚಿ ಗಾಳಿಯಾಡುವ ಕಡೆ ಒಣಗಲು ಬಿಟ್ಟರೆ ಗಟ್ಟಿಯಾಗಿ ಹೆಚ್ಚು ದಿನ ಬರುತ್ತದೆ ಕೂಡ. ಆದರೆ ಬ್ಲೀಚನ್ನು ರಾಶಿ ಹಾಕಬೇಡಿ, ಅದು ಕೂತಲ್ಲೇ ಸತ್ವ ಕಳೆದುಕೊಳ್ಳುತ್ತದೆ, ಸೆಕೆ ಇದ್ದರೆ ಇನ್ನೂ ಬೇಗ. ಬಟ್ಟೆ ಪುಡಿ ತೇವಕ್ಕೆ ಗಂಟು ಕಟ್ಟುತ್ತದೆ. ಅಡುಗೆ ಎಣ್ಣೆ ಬೆಳಕು, ಶಾಖ, ಗಾಳಿಗೆ ಕಮಟು ಹಿಡಿಯುತ್ತದೆ. ಮಸಾಲೆ ಪುಡಿಗಿಂತ ಇಡಿ ಮಸಾಲೆ ಹೆಚ್ಚು ಕಾಲ ಗಮ ಉಳಿಸಿಕೊಳ್ಳುತ್ತದೆ, ಆಫರ್‌ನಲ್ಲಿ ತರುವುದಾದರೆ ಇಡಿಯದ್ದೇ ತನ್ನಿ.

ಇನ್ನೊಂದು ಸೋರಿಕೆ ಇದೆ. ಮನೆಯಲ್ಲಿ ಶಾಂಪೂ ಬಾಟಲಿ ಸಾಲಾಗಿ ನಿಂತಿದ್ದರೆ ಎಲ್ಲರ ಕೈಯೂ ಧಾರಾಳ. ಕೊನೆಯ ಬಾಟಲಿ ಅಂತ ಗೊತ್ತಾದಾಗ ಅದೇ ಜನ ನೀರು ಹಾಕಿ ಕುಲುಕಿ ವಾರ ತಳ್ಳುತ್ತಾರೆ. ನಾನು ಒಂದನ್ನು ಮಾತ್ರ ಹೊರಗಿಟ್ಟು ಉಳಿದದ್ದಕ್ಕೆ ಬೀಗ ಹಾಕುತ್ತೇನೆ. ಮನೆಯವರು ಬೈಯುತ್ತಾರೆ, ಬೈಯಲಿ.

ರಾತ್ರಿ ಪಾಳಿ:

ಲೆಕ್ಕದ ನಡುವೆ ಒಂದು ಎಚ್ಚರಿಕೆ. "ಕಂಪನಿಯ ವಾರ್ಷಿಕೋತ್ಸವ, ಎಲ್ಲರಿಗೂ ಉಚಿತ ಕೂಪನ್, ಹತ್ತು ಜನಕ್ಕೆ ಕಳಿಸಿ" ಅಂತ ಬರುವ ಲಿಂಕ್ ಒತ್ತಬೇಡಿ. ಪುಕ್ಸಟ್ಟೆ ಸಿಕ್ಕರೆ ನಂಗೊಂದಿರಲಿ ನಮ್ಮಪ್ಪಂಗೊಂದಿರಲಿ ಅನ್ನುವ ನಮ್ಮ ಬುದ್ಧಿ ಅವರಿಗೆ ಚೆನ್ನಾಗಿ ಗೊತ್ತು. ಕೂಪನ್ ಪಡೆಯಲು ಬ್ಯಾಂಕಿನ ಒಟಿಪಿಯಾಗಲಿ ಪಿನ್ ಆಗಲಿ ಬೇಕಾಗುವುದೇ ಇಲ್ಲ. ಕೇಳಿದರೆ ಅದು ಕೂಪನ್ ಅಲ್ಲ, ಗಾಳ. ಅಂಗಡಿಯ ಆ್ಯಪ್ ಅಥವಾ ವೆಬ್‌ಸೈಟನ್ನು ನೀವೇ ತೆರೆದು ಅದೇ ಆಫರ್ ಅಲ್ಲಿದೆಯಾ ನೋಡಿ.

ಲೆಕ್ಕದ ಪುಸ್ತಕ:

ಉಗ್ರಾಣದವರೇ, ಬೀಗದ ವಿಷಯ ಅತ್ತೆಗೆ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕರು. ಹಳೇ ಕ್ಯಾಷಿಯರ್ ಅವರೇ, ಕಟ್ಟಕಡೆಯದಾಗಿ ಒಂದು. ಮಗುವಿನ ಡೈಪರ್‌ಗೆ ಈಗ ಒಳ್ಳೆ ಕೂಪನ್ ಬಂದಿದೆ. ಹೇಗೂ ದಿನವೂ ಬೇಕಾದದ್ದು, ಕೆಡುವುದೂ ಇಲ್ಲ. ಒಟ್ಟಿಗೇ ತಂದು ಇಟ್ಟುಬಿಡಲಾ? ವರ್ಷಕ್ಕೆ ದುಡ್ಡು ಕಟ್ಟಿದರೆ ಡೆಲಿವರಿ ಉಚಿತ ಅಂತಲೂ ಕರೆಯುತ್ತಿದ್ದಾರೆ, ಅದಕ್ಕೂ ಸೇರಲಾ?

ಹಳೇ ಕ್ಯಾಷಿಯರ್:

ಡೈಪರ್ ಕೆಡುವುದಿಲ್ಲ, ಮಗು ಬೆಳೆಯುತ್ತದೆ! ಪ್ಯಾಕಿನ ಮೇಲೆ ಕೆಜಿ ಲೆಕ್ಕದಲ್ಲಿ ಸೈಜ್ ಇರುತ್ತದೆ. ಮಗುವಿನ ತೂಕ ಈಗಿನ ಸೈಜಿನ ಮೇಲಿನ ಅಂಚಿಗೆ ಬಂದಿದ್ದರೆ ಈ ಸೈಜಿನದ್ದು ಒಂದೇ ಪ್ಯಾಕ್ ಸಾಕು, ಉಳಿದ ಕೂಪನ್ ಮುಂದಿನ ಸೈಜಿಗೆ ಹಾಕಿ. ಹೋಲಿಸುವಾಗ ಪ್ಯಾಕಿನ ಬೆಲೆ ಬೇಡ, ಒಂದು ಡೈಪರ್‌ಗೆ ಎಷ್ಟು ಬಿತ್ತು ನೋಡಿ, ಯಾಕೆಂದರೆ ಅದೇ ಬೆಲೆಯ ಪ್ಯಾಕಿನಲ್ಲಿ ಸೈಜ್ ದೊಡ್ಡದಾದಷ್ಟೂ ಸಾಮಾನ್ಯವಾಗಿ ಎಣಿಕೆ ಕಡಿಮೆ. ಒಡೆಯದ ಪ್ಯಾಕನ್ನು ಬೇರೆ ಸೈಜಿಗೆ ಬದಲಾಯಿಸಿ ಕೊಡುತ್ತಾರಾ ಅಂತ ಬಿಲ್ಲು ಮಾಡಿಸುವ ಮುಂಚೆಯೇ ಕೇಳಿಕೊಳ್ಳಿ, ಬಿಲ್ಲನ್ನು ಪ್ಯಾಕಿಗೇ ಅಂಟಿಸಿಡಿ.

ಡೆಲಿವರಿಯದ್ದು ಸುಲಭ. ವರ್ಷದ ಶುಲ್ಕವನ್ನು ಒಂದು ಡೆಲಿವರಿ ಚಾರ್ಜಿನಿಂದ ಭಾಗಿಸಿ. 600ನ್ನು 30ರಿಂದ ಭಾಗಿಸಿದರೆ 20. ಶುಲ್ಕ ಕಟ್ಟದೆಯೂ ವರ್ಷಕ್ಕೆ ಅಷ್ಟು ಸಲ ಚಾರ್ಜ್ ಕೊಟ್ಟು ತರಿಸಿದ್ದೀರಾ ಅಂತ ನಿಮ್ಮ ಪುಸ್ತಕದಲ್ಲೇ ನೋಡಿ. ಸೇರಿದ ಮೇಲೆ ಎಷ್ಟು ಸಲ ತರಿಸುತ್ತೀರಿ ಅನ್ನುವ ಲೆಕ್ಕ ಹಾಕಬೇಡಿ, ಉಚಿತ ಅಂದಮೇಲೆ ಒಂದು ಕೊತ್ತಂಬರಿ ಕಟ್ಟಿಗೂ ಆರ್ಡರ್ ಹೋಗುತ್ತದೆ.