ಗದ್ದೆಯಲ್ಲಿ ಆನೆ ಕಾಸು ಸಿಕ್ಕಿದೆ. ಮೆಟಲ್ ಡಿಟೆಕ್ಟರ್ ಯಂತ್ರ ನನ್ನದು, ನೆಲದ ಮೇಲೆ ಬೀಸಿದವನು ಒಬ್ಬ, ಅಗೆದವನು ಇನ್ನೊಬ್ಬ. ಯಾರಿಗೆ ಸೇರಬೇಕು?

ಪ್ರಶ್ನೆ (ಮದ್ದೂರು ಕಡೆಯಿಂದ)

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನಸ್ಸಿಗೆ ಸಮಾಧಾನ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಪಂಪ್‌ಸೆಟ್ ಮೋಟಾರಿಗೆ ಕಾಯಿಲ್ ಸುತ್ತುವ ಸಣ್ಣ ಅಂಗಡಿ. ಎರಡು ವರ್ಷದ ಹಿಂದೆ ಒಂದು ಹಳೇ ಮೆಟಲ್ ಡಿಟೆಕ್ಟರ್ ತಗೊಂಡೆ. ನಾಟಿ ಮಾಡುವಾಗ ಕಳೆದುಹೋದ ಓಲೆ, ಉಂಗುರ ಹುಡುಕಿಕೊಡಿ ಅಂತ ಸುತ್ತಮುತ್ತಲ ಊರಿನವರು ಕರೆಯುತ್ತಾರೆ. ಇಬ್ಬರು ಗೆಳೆಯರನ್ನು ಕರೆದುಕೊಂಡು ಭಾನುವಾರ ಹೋಗುತ್ತೇನೆ. ಹೆಚ್ಚಾಗಿ ಸಿಗೋದು ಎತ್ತಿನ ಲಾಳ, ಲಾಳದ ಮೊಳೆ, ಬಾಟಲಿ ಮುಚ್ಚಳ. ಒಂದ್ಸಲ ಗಾಡಿ ಕಡಾಣಿ ಸಿಕ್ಕಿತ್ತು. ಇಂಥವಕ್ಕೆಲ್ಲ ನಮ್ಮಲ್ಲಿ ಯಾವತ್ತೂ ಮಾತು ಬಂದಿಲ್ಲ.

ಹೋದ ಭಾನುವಾರ ಪಾಂಡವಪುರದ ಹತ್ತಿರ ಒಬ್ಬ ಗೆಳೆಯನ ಸೋದರಮಾವನ ಗದ್ದೆಗೆ ಹೋಗಿದ್ದೆವು. ಅವನ ಅತ್ತೆಯ ಬೆಳ್ಳಿ ಕಾಲುಂಗುರ ನಾಟಿ ಸಮಯದಲ್ಲಿ ಕೆಸರಿನಲ್ಲಿ ಹೋಗಿತ್ತು. ಕಟಾವಾಗಿ, ಒಂದು ಸಾಲು ಉಳುಮೆ ಆದ ಮೇಲೆ ಹುಡುಕೋಣ ಅಂತ ಮೊದಲೇ ಮಾತಾಗಿತ್ತು. ನನ್ನ ತೋಳು ನೋಯುತ್ತಿತ್ತು ಅಂತ ಯಂತ್ರವನ್ನು ಆಟೊ ಓಡಿಸುವ ಗೆಳೆಯನ ಕೈಗೆ ಕೊಟ್ಟೆ. ಗಟ್ಟಿ ಸದ್ದು ಬಂತು. ಮಾವನ ಅಳಿಯನಾದ ಇನ್ನೊಬ್ಬ ಗೆಳೆಯ ಗೇಣು ಆಳ ಅಗೆದು ಹೆಂಟೆ ಒಡೆದ. ಒಳಗೆ ಹಸಿರು ಹಿಡಿದ ತಾಮ್ರದ ಬಿಲ್ಲೆ. ಉಗುರಿನಿಂದ ಮಣ್ಣು ಕೆರೆದರೆ ಮೊದಲು ಆನೆಯ ಬೆನ್ನು ಕಾಣಿಸಿತು, ಆಮೇಲೆ ಸೊಂಡಿಲು. ಮೂವರೂ ಉಸಿರು ಬಿಗಿಹಿಡಿದು ನೋಡಿದೆವು.

ಬದುವಿನ ಮೇಲಿಂದ ಮಾವ "ಏನ್ಲಾ ಸಿಕ್ತು?" ಅಂದರು. ಆಟೊ ಗೆಳೆಯ "ಏನಿಲ್ಲ ಮಾವ, ಹಳೇ ಬಿಲ್ಲೆ" ಅಂತ ಜೇಬಿಗೆ ಹಾಕಿಕೊಂಡ. ನಾನು ಬಾಯಿ ಬಿಡಲಿಲ್ಲ. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಈಗ ಅವನು "ಕಂಡುಹಿಡಿದವನು ನಾನು" ಅಂತಾನೆ. ಇನ್ನೊಬ್ಬ "ಗದ್ದೆ ನಮ್ಮ ಮಾವಂದು, ಅಗೆದವನೂ ನಾನೇ" ಅಂತಾನೆ. ಯಂತ್ರ ನನ್ನದು ಅಂತ ನನಗೂ ಒಳಗೊಳಗೇ ಆಸೆ ಇದೆ, ಸುಳ್ಳು ಯಾಕೆ ಹೇಳಲಿ. ಕಾಸನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕ್ತೀನಿ ಅಂತ ಆಟೊ ಗೆಳೆಯ ಬೇರೆ ಹೇಳುತ್ತಿದ್ದಾನೆ. ಜೊತೆಯಾಗಿ ಹುಡುಕುವವರು ಇದನ್ನೆಲ್ಲ ಹೇಗೆ ಹಂಚಿಕೊಳ್ಳುತ್ತೀರಿ?

ಉತ್ತರ 1 (ಶ್ರೀರಂಗಪಟ್ಟಣ, ನಿವೃತ್ತ ಮೇಷ್ಟ್ರು, ಹಳೇ ನಾಣ್ಯಗಳಲ್ಲಿ ಆಸಕ್ತಿ)

ತಮ್ಮಾ, ಮೊದಲು ಅವನಿಗೆ ಫೋನ್ ಮಾಡಿ ಹುಣಸೆಹಣ್ಣು ಮುಟ್ಟಿಸಬೇಡ ಅನ್ನು. ಉಳಿದದ್ದು ಆಮೇಲೆ. ನಾನು ಚಿಕ್ಕವನಿದ್ದಾಗ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಕಾಸನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದೆ. ಫಳಫಳ ಹೊಳೆಯಿತು. ಆದರೆ ಅಕ್ಷರ ಪೂರ್ತಿ ಸವೆದುಹೋಯಿತು. ಅದು ಯಾರ ಕಾಲದ್ದು ಅಂತ ಇವತ್ತಿಗೂ ಹೇಳೋಕಾಗಲ್ಲ. ಆ ಹಸಿರು ಪದರ ಕೊಳೆ ಅಲ್ಲಪ್ಪ. ಒಣಗಿದ ಹತ್ತಿಯಲ್ಲಿ ಸುತ್ತಿ ಸುಮ್ನೆ ಇಡಿ.

ಇನ್ನು ಆನೆ. ಟಿಪ್ಪು ಕಾಲದ ತಾಮ್ರದ ಪೈಸೆಯಲ್ಲೂ ಆನೆ ಇದೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲೂ ಇದೆ. ಕನ್ನಡ ಅಕ್ಷರ ಕಂಡರೆ ಒಡೆಯರದು. ಪರ್ಷಿಯನ್ ಮಾತ್ರ ಇದ್ದರೆ ಟಿಪ್ಪುವಿನದಿರಬಹುದು. ಯಾವುದಾದರೂ ನೂರು ವರ್ಷ ದಾಟಿದ್ದೇ. ಅಂದಮೇಲೆ 1972ರ ಪುರಾತನ ವಸ್ತುಗಳ ಕಾಯ್ದೆಯೊಳಗೆ ಬಂತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ದೇಶದಿಂದ ಹೊರಗೆ ಕಳಿಸುವಂತೂ ಇಲ್ಲ. ಜೊತೆಗೆ ನಮ್ಮ ರಾಜ್ಯಕ್ಕೇ 1962ರ ನಿಧಿ ಕಾಯ್ದೆ ಇದೆ. ನೆಲದಲ್ಲಿ ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಒಂದೇ ಕಾಸು ಅಲ್ವಾ ಅಂತ ಮುಚ್ಚಿಡಬೇಡಿ.

ನಿನ್ನ ಪ್ರಶ್ನೆಗೆ ಹತ್ತಿರದ್ದು ಒಂದು ಹೇಳುತ್ತೇನೆ. 1878ರ ಹಳೇ ನಿಧಿ ಕಾಯ್ದೆ ಓದಿದರೆ ಒಂದು ಮಾತು ಸಿಗುತ್ತದೆ. ನಿಧಿಯ ಹಳೇ ಒಡೆಯ ಯಾರೂ ಬರದಿದ್ದರೆ, ಸಿಕ್ಕವನಿಗೆ ಮುಕ್ಕಾಲು ಪಾಲು, ಜಮೀನಿನವನಿಗೆ ಕಾಲು ಪಾಲು. ಆದರೆ ಅವರಿಬ್ಬರ ನಡುವೆ ಮೊದಲೇ ಒಪ್ಪಂದ ಆಗಿದ್ದರೆ ಆ ಒಪ್ಪಂದದಂತೆಯೇ ನಡೆಯಬೇಕು. ನೋಡು, ಕಾನೂನು ಕೂಡ ಮೊದಲು ಏನು ಮಾತಾಗಿತ್ತು ಅಂತಲೇ ಕೇಳುತ್ತದೆ. ನೀವು ಮಾತಾಡಿದ್ದು ಕಾಲುಂಗುರದ ಬಗ್ಗೆ ಮಾತ್ರ.

ಮತ್ತೊಂದು. ನಮ್ಮ ಪಟ್ಟಣದ ಕಡೆ ಯಂತ್ರ ತರಲೇಬೇಡಿ. ದರಿಯಾ ದೌಲತ್, ಗುಂಬಜ್, ಬೇಯ್ಲಿ ಬಂದೀಖಾನೆ ಎಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಒಂದು ಹಿಡಿ ಮಣ್ಣು ಕೆದಕಿದರೂ ತಪ್ಪು.

ಉತ್ತರ 2 (ಮಳವಳ್ಳಿ, ಬೇಸಾಯಗಾರ್ತಿ)

ಎಲ್ಲ ಓದಿದೆ ಅಣ್ಣಾ. ಅತ್ತೆಯ ಕಾಲುಂಗುರ ಏನಾಯ್ತು?

ನೀವು ಬರೆದಿಲ್ಲ. ಅಂದರೆ ಕಾಸು ಕಂಡ ಮೇಲೆ ಅದನ್ನು ಮರೆತಿರಿ. ಬೇಜಾರು ಮಾಡ್ಕೋಬೇಡಿ, ನನಗೆ ಓದುತ್ತಾ ಹೊಟ್ಟೆ ಕಿವುಚಿದಂತಾಯಿತು. ಕಾಲುಂಗುರ ಕಳೆದುಕೊಂಡ ಹೆಂಗಸು ಎಷ್ಟು ತಿಂಗಳಿಂದ ಮನಸ್ಸಲ್ಲಿ ಕೊರಗುತ್ತಿರುತ್ತಾರೆ ಅಂತ ಗೊತ್ತಾ?

ನಮ್ಮ ಅಮ್ಮ ಕೊಟ್ಟಿದ್ದ ಬೆಂಡೋಲೆ ಹೋದ ವರ್ಷ ಕಳೆ ಕೀಳುವಾಗ ಬಿದ್ದುಹೋಯಿತು. ನಾಲ್ಕು ಹುಡುಗರು ಬಂದು ಹುಡುಕಿಕೊಟ್ಟರು. ಅದು ನನ್ನ ಅಂಗೈಗೆ ಬಿದ್ದಾಗ ಅಳುವೇ ಬಂತು. ಎರಡು ಸಾವಿರ ಕೊಟ್ಟೆ. ಅವರು ನಮ್ಮ ಜಗಲಿ ಮೇಲೇ ಕೂತು ನನಗೆ ಜಾಸ್ತಿ, ನಿನಗೆ ಕಮ್ಮಿ ಅಂತ ಶುರು ಮಾಡಿದರು. ಪೆಟ್ರೋಲ್ ಯಾರದು, ಯಂತ್ರ ಯಾರದು, ಎಲ್ಲ ನನ್ನ ಮುಂದೆ. ನಾನು ಒಳಗೆ ಹೋಗಿ ಇನ್ನೂ ಇನ್ನೂರು ತಂದುಕೊಟ್ಟೆ. ಆ ಇನ್ನೂರು ಕೊಡುವಾಗ ನನಗಾದ ನಾಚಿಕೆ ಅವರಿಗೆ ಗೊತ್ತಾಗಲಿಲ್ಲ. ಲೆಕ್ಕ ಏನಿದ್ದರೂ ಮನೆ ಬಿಡುವ ಮೊದಲೇ ನಿಮ್ಮ ನಿಮ್ಮಲ್ಲಿ ಮುಗಿಸಿಕೊಂಡು ಬನ್ನಿ.

ಗುಂಡಿ ಮುಚ್ಚದೆ ಹೋಗಬೇಡಿ. ನಮ್ಮ ಹಸು ಅಂಥದ್ದೇ ಒಂದು ಗುಂಡಿಗೆ ಕಾಲಿಟ್ಟು ಹದಿನೈದು ದಿನ ಕುಂಟಿತು.

ಉತ್ತರ 3 (ನಂಜನಗೂಡು)

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ.

ನಾವು ಐದು ಜನ, ಮೂರು ಯಂತ್ರ. ನಮ್ಮಲ್ಲಿ ನಡೆಯೋದು ಹೀಗೆ. ಹತ್ತಿರ ಹತ್ತಿರ ಹೋದರೆ ಯಂತ್ರಗಳು ಒಂದಕ್ಕೊಂದು ಕೂಗಾಡುತ್ತವೆ. ಅದಕ್ಕೆ ಇಪ್ಪತ್ತು ಹೆಜ್ಜೆ ದೂರ. ಒಬ್ಬನಿಗೆ ಸದ್ದು ಬಂದರೆ ಇನ್ನೊಬ್ಬ ಅಲ್ಲಿಗೆ ನುಗ್ಗಬಾರದು. ಆದರೆ ಸದ್ದು ಬಂದವನು ಅಗೆಯುವ ಮೊದಲು ಎಲ್ಲರನ್ನೂ ಕೂಗಿ ಕರೆಯಬೇಕು, ಜಮೀನಿನವರನ್ನೂ ಸೇರಿಸಿ. ಏನು ಸಿಕ್ಕರೂ ಮೊದಲು ಅವರ ಕೈಗೆ. ಜೇಬಿಗೆ ಏನೂ ಹೋಗಬಾರದು, ಮೊಳೆ ಕೂಡ. ಕೊಟ್ಟ ಹಣದಲ್ಲಿ ಪೆಟ್ರೋಲು, ಬ್ಯಾಟರಿ ಖರ್ಚು ಕಳೆದು ಉಳಿದದ್ದು ಸಮಪಾಲು. ಯಂತ್ರದವನಿಗೆ ಬೇರೆ ಪಾಲಿಲ್ಲ. ಗುದ್ದಲಿ ಹಿಡಿದವನ ಬೆವರೂ ಬೆವರೇ.

ಫೋಟೊ ವಿಷಯ ಮಾತ್ರ ಕೈಮುಗಿದು ಹೇಳುತ್ತೇನೆ, ಹಾಕಬೇಡಿ. ನಮ್ಮವನೊಬ್ಬ ತೂತಿನ ಕಾಸೊಂದರ ಫೋಟೊ ಊರಿನ ಹೆಸರು ಸಮೇತ ಗ್ರೂಪಿಗೆ ಹಾಕಿದ. 1943ರದ್ದು, ಏನೂ ಬೆಲೆ ಇಲ್ಲದ್ದು. ಆ ಜಮೀನಿನಲ್ಲಿ ನಿಧಿ ಇದೆಯಂತೆ ಅಂತ ಸುದ್ದಿ ಹಬ್ಬಿತು. ಮೂರನೇ ರಾತ್ರಿ ಯಾರೋ ಬಂದು ಬೇವಿನ ಮರದ ಬುಡವನ್ನೇ ಅಗೆದಿದ್ದರು. ಸುತ್ತ ನಿಂಬೆಹಣ್ಣು, ಕುಂಕುಮ. ಆ ಮನೆಯ ಅಜ್ಜಿ ತಿಂಗಳುಗಟ್ಟಲೆ ಹೊಲದ ಕಡೆ ಹೋಗಲಿಲ್ಲ. ನಮ್ಮಿಂದಲೇ ಆಯಿತಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತೆ.

ಪ್ರಶ್ನೆ ಕೇಳಿದವರಿಂದ

ಮೇಷ್ಟ್ರೇ, ಅಕ್ಕಾ, ನಂಜನಗೂಡಿನ ಅಣ್ಣಾ, ಎಲ್ಲರಿಗೂ ಧನ್ಯವಾದ. ಅಕ್ಕನ ಒಂದು ಸಾಲು ಓದಿ ರಾತ್ರಿ ನಿದ್ದೆ ಬರಲಿಲ್ಲ. ನಿಜ, ಕಾಲುಂಗುರ ಹುಡುಕೋದನ್ನ ಅಲ್ಲಿಗೇ ಬಿಟ್ಟು ಬಂದಿದ್ದೆವು.

ನಿನ್ನೆ ಮೂವರೂ ಪಾಂಡವಪುರಕ್ಕೆ ಹೋದೆವು. ಪುಣ್ಯಕ್ಕೆ ಕಾಸನ್ನು ಇನ್ನೂ ಉಜ್ಜಿರಲಿಲ್ಲ. ಆಟೊ ಗೆಳೆಯನೇ ಮಾವನ ಕೈಗೆ ಕೊಟ್ಟು "ಅವತ್ತು ಸುಳ್ಳು ಹೇಳಿದೆ ಮಾವ" ಅಂದ. ಮಾವ ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಮ್ಮಪ್ಪ ಉತ್ತಿದ್ದು ಇದೇ ಗದ್ದೆ ಕಣ್ಲಾ, ಅವರ ನೇಗಿಲಿಗೂ ಸಿಗ್ದೇ ಇದ್ದದ್ದು" ಅಂದರು. ಸೋಮವಾರ ತಾಲ್ಲೂಕು ಕಚೇರಿಗೆ ಹೋಗಿ, ಅಲ್ಲಿಂದ ಜಿಲ್ಲಾಧಿಕಾರಿಗೆ ಬರೆದುಕೊಡೋಣ ಅಂತ ಮಾತಾಗಿದೆ. ಅರ್ಜಿಯಲ್ಲಿ ಮೊದಲು ಮಾವನ ಹೆಸರು, ಕೆಳಗೆ ನಮ್ಮ ಮೂವರದು. ಅದರಲ್ಲಿ ಕನ್ನಡ ಅಕ್ಷರ ಇದ್ದ ಹಾಗಿದೆ ಮೇಷ್ಟ್ರೇ, ಮಣ್ಣಿರೋದರಿಂದ ಪೂರ್ತಿ ಕಾಣಲ್ಲ. ನಾವು ಕೆರೆಯಲು ಹೋಗಲಿಲ್ಲ.

ಆಮೇಲೆ ಬಿಸಿಲು ಏರುವ ತನಕ ಕಾಲುಂಗುರ ಹುಡುಕಿದೆವು. ಅತ್ತೆ ಮಜ್ಜಿಗೆ ತಂದುಕೊಟ್ಟು, ನಾಟಿ ದಿನ ತಾವು ಯಾವ ಸಾಲಿನಲ್ಲಿ ನಿಂತಿದ್ದೆ ಅಂತ ಗದ್ದೆಗಿಳಿದು ತೋರಿಸಿದರು. ಇನ್ನೂ ಸಿಕ್ಕಿಲ್ಲ. ನಾಲೆ ಕಡೆಯ ಅರ್ಧ ಗದ್ದೆ ಬಾಕಿ ಇದೆ. ಬರುವ ಭಾನುವಾರ ಬೆಳಿಗ್ಗೆ ಆರಕ್ಕೇ ಹೋಗುತ್ತೇವೆ.