ಕೊರಿಯರಿನಲ್ಲಿ ಒಡೆದ ಮಾಲಿಗೆ ದುಡ್ಡು ಬಂದದ್ದುಂಟಾ? ಅನುಭವ ಇದ್ದವರು ಹೇಳಿ

ಬದಿಯಡ್ಕ ಗಾಣ:
ಗಾಣದ ತೆಂಗಿನೆಣ್ಣೆ, ಅರ್ಧ ಲೀಟರಿನ ಗಾಜಿನ ಬಾಟಲಿ, ಬಾಕ್ಸಿಗೆ 12. ಬೆಂಗಳೂರಿಗೆ ಹೋದ ಬಾಕ್ಸಿನಲ್ಲಿ 5 ಒಡೆದು ಉಳಿದವುಗಳ ಲೇಬಲ್ಲೂ ಹಾಳು. ಗಿರಾಕಿ ಸಹಿ ಹಾಕಿ ತೆಗೆದುಕೊಂಡಾಗಿದೆ. ಕೊರಿಯರಿನವರು ‘ಪ್ಯಾಕಿಂಗ್ ಸಾಲದು’ ಎಂದು ಒಂದು ಸಾಲಿನ ಮೇಲ್ ಹಾಕಿ ಕ್ಲೇಮ್ ಮುಚ್ಚಿದರು. ಮುಂದೇನು ದಾರಿ?

ಕುಂಬಳೆ ಉಪ್ಪಿನಕಾಯಿ:
ಸಹಿ ಬಿದ್ದಮೇಲೆ ಕ್ಲೇಮ್ ಅರ್ಧ ಸತ್ತ ಹಾಗೆ. ಪಿಒಡಿಯಲ್ಲಿ (ಮಾಲು ಮುಟ್ಟಿದ್ದಕ್ಕೆ ಸಹಿ ಹಾಕುವ ಚೀಟಿ) ‘ಬಾಕ್ಸ್ ಒದ್ದೆ, ಮೂಲೆ ಜಜ್ಜಿದೆ’ ಎಂದು ಬರೆದೇ ಸಹಿ ಹಾಕಬೇಕು. ಮೊಬೈಲಿನ ಮೇಲೆ ಬೆರಳಲ್ಲಿ ಸಹಿ ಮಾಡಿಸುವಲ್ಲಿ ಬರೆಯಲು ಜಾಗವೇ ಇರುವುದಿಲ್ಲ. ಆಗ ಹುಡುಗ ಗೇಟು ದಾಟುವ ಮೊದಲು ಫೋಟೋ, ಕೂಡಲೇ ಮೇಲ್. ಅಗ್ರಿಗೇಟರ್ (ಹಲವು ಕೊರಿಯರಿನವರನ್ನು ಒಂದೇ ಕಡೆ ಬುಕ್ ಮಾಡಿಕೊಡುವವರು) ಮೂಲಕ ಬುಕ್ ಮಾಡಿದ್ದರೆ ಷರತ್ತು ನೋಡಿ, ದೂರಿಗೆ ಒಂದೆರಡು ದಿನಕ್ಕಿಂತ ಹೆಚ್ಚು ಕೊಡದವರೇ ಜಾಸ್ತಿ.
ನಾವು ಬಾಕ್ಸಿನ ಹೊರಗೇ ಚೀಟಿ ಅಂಟಿಸುತ್ತೇವೆ: ಟೇಪ್ ಕತ್ತರಿಸುವ ಮೊದಲು ವೀಡಿಯೋ ಶುರು ಮಾಡಿ, ಎಡಬ್ಲ್ಯೂಬಿ ನಂಬರ್ (ಕೊರಿಯರಿನ ಟ್ರ್ಯಾಕಿಂಗ್ ನಂಬರ್) ತೋರಿಸಿ, ಆರೂ ಮುಖ ತೋರಿಸಿ, ನಡುವೆ ನಿಲ್ಲಿಸಬೇಡಿ. ನಡುವೆ ನಿಂತ ವೀಡಿಯೋವನ್ನು ಅವರು ಒಪ್ಪುವುದಿಲ್ಲ.
ಪ್ಯಾಕ್ ಮಾಡುವಾಗಿನ ವೀಡಿಯೋ ಇಲ್ಲದಿದ್ದರೆ ‘ಪ್ಯಾಕಿಂಗ್ ಸಾಲದು’ ಎಂಬ ಮಾತಿಗೆ ಉತ್ತರವೇ ಇಲ್ಲ. 5 ಪ್ಲೈ (ಐದು ಪದರದ ರಟ್ಟಿನ) ಬಾಕ್ಸ್, ಬಾಟಲಿಗಳ ನಡುವೆ ರಟ್ಟಿನ ಗೂಡು, ಅಡಿಗೂ ಮೇಲಿಗೂ ಎರಡೆರಡು ಇಂಚು ಮೆತ್ತೆ, ಬಾಟಲಿಯ ಕುತ್ತಿಗೆ ಬಾಕ್ಸಿನ ಮುಚ್ಚಳಕ್ಕೆ ತಾಗಬಾರದು. 3 ಪ್ಲೈಯಲ್ಲಿ ಗಾಜು ಕಳಿಸುವವರು ಕ್ಲೇಮಿನ ಮಾತೇ ಎತ್ತಬಾರದು.

ಗಡಿನಾಡ ಲಾರಿ:
ಸಹಿ ಬಿದ್ದರೆ ಸತ್ತ ಹಾಗೆ ಎಂದು ಹೆದರಿಸಬೇಡಿ ಮಾರಾಯ್ರೆ. 2007ರ ರಸ್ತೆ ಸಾಗಾಟ ಕಾಯ್ದೆ ಕೊರಿಯರ್ ಏಜೆನ್ಸಿಯನ್ನೂ ‘ಕಾಮನ್ ಕ್ಯಾರಿಯರ್’ ಅನ್ನುತ್ತದೆ. 16ನೇ ಕಲಮಿನಂತೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಮುಟ್ಟಿರಬೇಕು, ಮುಟ್ಟದಿದ್ದರೆ ದಾವೆ ಹೂಡುವ ಹಾಗಿಲ್ಲ. ಡೆಲಿವರಿ ದಿನದಿಂದ ಎಣಿಸಿ ಕೈಸುಟ್ಟುಕೊಂಡವರಿದ್ದಾರೆ. ಆ್ಯಪಿನ ಟಿಕೆಟ್ ನಂಬರನ್ನು ನೋಟಿಸ್ ಅಂತ ನಂಬಬೇಡಿ. ಅಂಚೆಯಲ್ಲಿ ನೋಂದಾಯಿಸಿ ಕಂಪನಿಯ ಹೆಡ್ ಆಫೀಸಿಗೂ ಬುಕ್ ಮಾಡಿದ ಬ್ರಾಂಚಿಗೂ ಕಳಿಸಿ. ಎಡಬ್ಲ್ಯೂಬಿ ನಂಬರ್, ಬುಕಿಂಗ್ ತಾರೀಕು, ಇನ್‌ವಾಯ್ಸ್ ನಂಬರ್, ಒಡೆದದ್ದೆಷ್ಟು, ಮೊತ್ತ ಎಷ್ಟು, ಎಲ್ಲ ಅದರಲ್ಲಿರಲಿ. ‘ಸೂಕ್ತ ಪರಿಹಾರ ಕೊಡಿ’ ಅಂತ ಬರೆದರೆ ಕಸದಬುಟ್ಟಿ.
12ನೇ ಕಲಮಿನಂತೆ ಅವರ ಬೇಜವಾಬ್ದಾರಿಯನ್ನು ನೀವು ಸಾಬೀತು ಮಾಡಬೇಕಾಗಿಲ್ಲ. ಆದರೆ ಮಿತಿ ಉಂಟು: ಹೆಚ್ಚಿನ ರಿಸ್ಕ್ ದರ (ಹೆಚ್ಚಿನ ಹೊಣೆ ಹೊರಲು ಅವರು ಕೇಳುವ ದರ) ಕಟ್ಟದಿದ್ದರೆ ಸಾಗಾಟ ಬಾಡಿಗೆಯ ಹತ್ತು ಪಟ್ಟು, ಅದೂ ಘೋಷಿಸಿದ ಬೆಲೆಯನ್ನು ಮೀರದ ಹಾಗೆ. 310 ರೂಪಾಯಿ ಬಾಡಿಗೆ ಅಂದರೆ 3,100. ಎಣ್ಣೆಯಂಥ ಭಾರದ ಮಾಲಿಗೆ ಇದು ಧಾರಾಳ ಸಾಕು.

ಕಾಸರಗೋಡು ಸೀರೆ:
ನಿಮ್ಮದು ಭಾರದ ಮಾಲು, ನಿಮಗೆ ಸಾಕು. 90 ರೂಪಾಯಿ ಬಾಡಿಗೆಯ ಕೈಮಗ್ಗದ ಸೀರೆಗೆ 900 ಬಂದರೆ ಯಾರ ಹೊಟ್ಟೆ ತುಂಬುತ್ತದೆ? ಮಗ್ಗದವನ ಕೂಲಿಗೂ ಸಾಲದು. ಮೇಲಿಂದ ಕನ್ಸೈನ್‌ಮೆಂಟ್ ನೋಟಿನ (ಬುಕಿಂಗ್ ಚೀಟಿಯ) ಸಣ್ಣ ಅಕ್ಷರ. ಅದಕ್ಕೆ ಸಹಿ ಹಾಕಿದವರು ಅದರಲ್ಲಿ ಬರೆದ ಮಿತಿಗೆ ಬದ್ಧರು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಭಾರತಿ ನಿಟ್ಟಿಂಗ್ ಪ್ರಕರಣದಲ್ಲಿ ಹೇಳಿಯಾಗಿದೆ.
ನಮ್ಮ ದಾರಿ ಇನ್ಶೂರೆನ್ಸ್. ಮೆರೈನ್ ಓಪನ್ ಪಾಲಿಸಿ (ಅವಧಿಯೊಳಗೆ ಕಳಿಸುವ ಎಲ್ಲ ಮಾಲಿಗೂ ಒಂದೇ ಸಾಗಾಟ ವಿಮೆ), ಇನ್‌ಲ್ಯಾಂಡ್ ಟ್ರಾನ್ಸಿಟ್ ಕ್ಲಾಝ್ ‘ಎ’ (ಪಾಲಿಸಿ ಹೊರಗಿಟ್ಟದ್ದನ್ನು ಬಿಟ್ಟು ಎಲ್ಲ ಹಾನಿಗೂ). ‘ಬಿ’ ಅಗ್ಗ ಎಂದು ಏಜೆಂಟರು ತಗಲಿಸುತ್ತಾರೆ. ಅದು ಬೆಂಕಿ, ವಾಹನ ಅಪಘಾತದಂಥ ಹೆಸರಿಸಿದ ಕಾರಣಗಳಿಗೆ ಮಾತ್ರ, ಗೋದಾಮಿನಲ್ಲಿ ಎತ್ತಿ ಹಾಕಿ ಒಡೆದದ್ದಕ್ಕೆ ಇಲ್ಲ. ಕೊರಿಯರ್ ಮೇಲೆ ಮೊತ್ತ ಬರೆದ ಕ್ಲೇಮ್ ಪತ್ರ ಸಮಯಕ್ಕೆ ಹಾಕಿರದಿದ್ದರೆ ವಸೂಲಿಯ ಹಕ್ಕು ಕೆಟ್ಟಿತೆಂದು ಇನ್ಶೂರೆನ್ಸಿನವರೂ ಕಡಿತ ಮಾಡುತ್ತಾರೆ.

ಹಾಳೆತಟ್ಟೆ ಪೆರ್ಲ:
‘ಎ’ ಎಲ್ಲಕ್ಕೂ ಮದ್ದಲ್ಲ. ಹಾಳೆತಟ್ಟೆಗೆ ಮಳೆಗಾಲದಲ್ಲಿ ಬೂಸ್ಟು ಬಂದರೆ ‘ವಸ್ತುವಿನ ಸಹಜ ದೋಷ’ ಅಂತ ತಳ್ಳಿಹಾಕುತ್ತಾರೆ, ಪಾಲಿಸಿಯಲ್ಲಿ ಅದು ಹೊರಗೆ. ಹೊರಗಿನಿಂದ ನೀರು ತಾಗಿದ್ದೆಂದು ತೋರಿಸಬೇಕು: ಒದ್ದೆಯಾದ ರಟ್ಟಿನ ಕಲೆ, ಅದೇ ಬದಿಯ ತಟ್ಟೆಗೆ ಮಾತ್ರ ಬೂಸ್ಟು, ನಡುವಿನದ್ದು ಒಣ. ಅದಕ್ಕೇ ನಾವು ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲೇ ಬುಕ್ ಮಾಡುವುದು, ಮಾಲು ಹತ್ತಿಳಿಸುವ ಹಬ್ಬು (ಕೊರಿಯರಿನ ನಡುದಾಣ) ಕಡಿಮೆ.

ಕಾಸರಗೋಡು ಸೀರೆ:
ಹಾಗೆ ಮಾಡಿ ಎಂದು ಹೊಸಬರಿಗೆ ಹೇಳಬೇಡಿ. ಇನ್‌ವಾಯ್ಸಿನಲ್ಲಿ ಕೇರಳದ ವಿಳಾಸ, ಎಡಬ್ಲ್ಯೂಬಿಯಲ್ಲಿ ಮಂಗಳೂರಿನದ್ದು. ಸರ್ವೇಯರ್ (ಇನ್ಶೂರೆನ್ಸಿಗಾಗಿ ಹಾನಿ ಪರಿಶೀಲಿಸುವವರು) ಮೊದಲು ಹಿಡಿಯುವುದೇ ಅದನ್ನು.

ಹಾಳೆತಟ್ಟೆ ಪೆರ್ಲ:
ಕಳಿಸುವವರ ಹೆಸರು, ಜಿಎಸ್‌ಟಿ ನಂಬರ್ ಎರಡರಲ್ಲೂ ಒಂದೇ ಬರೆಸಿದರೆ ಯಾರೂ ಹಿಡಿಯುವುದಿಲ್ಲ. ಗಡಿಯಲ್ಲಿ ಬದುಕುವವರಿಗೆ ಗೊತ್ತಿರುವ ವಿಷಯ ಇದು, ಪೇಟೆಯಲ್ಲಿ ಕೂತು ಕಲಿಸಬೇಡಿ.

ಕುಂಬಳೆ ಉಪ್ಪಿನಕಾಯಿ:
ಜಗಳ ಬಿಟ್ಟು ಅಂಚೆಯಲ್ಲಿ ಕಳಿಸಿ. ಇನ್ಶೂರೆನ್ಸ್ ಸೌಲಭ್ಯವೂ ಉಂಟು.

ಗಡಿನಾಡ ಲಾರಿ:
ಇನ್ಶೂರ್ ಮಾಡದ ಸ್ಪೀಡ್ ಪೋಸ್ಟ್ ಒಡೆದರೆ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ನಾನು ಹೇಳಿದ ಕಾಯ್ದೆ ಸರ್ಕಾರಕ್ಕೆ ಅನ್ವಯವೇ ಆಗುವುದಿಲ್ಲ. ಅರ್ಧ ಹೇಳಿ ಜನರನ್ನು ದಾರಿ ತಪ್ಪಿಸಬೇಡಿ.

ಲೆಕ್ಕಪತ್ರ ಮಂಜೇಶ್ವರ:
ಗ್ರಾಹಕ ಆಯೋಗವನ್ನು ಯಾರೂ ಎತ್ತಲಿಲ್ಲ. ನೋಟಿಸಿಗೆ ಉತ್ತರ ಬರದಿದ್ದರೆ ಕಾಸರಗೋಡು ಜಿಲ್ಲಾ ಆಯೋಗದಲ್ಲೇ ಹಾಕಬಹುದು. 2019ರ ಕಾಯ್ದೆಯಂತೆ ದೂರುದಾರ ಇರುವ ಊರಿನಲ್ಲಿ ಹಾಕುವ ಹಕ್ಕಿದೆ. ಅವಧಿ ಎರಡು ವರ್ಷ, 5 ಲಕ್ಷದವರೆಗೆ ಶುಲ್ಕ ಇಲ್ಲ, ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದಲ್ಲಿ ಸಲ್ಲಿಸಬಹುದು. ‘ವಾಣಿಜ್ಯ ಉದ್ದೇಶ, ಇವರು ಗ್ರಾಹಕರೇ ಅಲ್ಲ’ ಎಂದು ಅವರ ವಕೀಲರು ಎದ್ದೇ ಏಳುತ್ತಾರೆ. ಆದ್ದರಿಂದ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಮಾತ್ರ ನಡೆಸುವ ಉದ್ಯೋಗ ಎಂದು ದೂರಿನ ಮೊದಲ ಪುಟದಲ್ಲೇ ಬರೆಯಬೇಕು. ಆಳುಗಳನ್ನಿಟ್ಟು ದೊಡ್ಡದಾಗಿ ನಡೆಸುವವರಿಗೆ ಅದು ನಿಲ್ಲುವುದು ಕಷ್ಟ, ಅವರಿಗೆ ಸಿವಿಲ್ ಕೋರ್ಟೇ.
ಜಿಎಸ್‌ಟಿಯನ್ನೂ ಮರೆತಿದ್ದೀರಿ. ನಾಶವಾದ ಮಾಲಿನ ಮೇಲೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ) ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನ ಪ್ರಕಾರ ಹಿಂದಿರುಗಿಸಬೇಕು. ಆ ಮೊತ್ತವನ್ನೂ, ಕೊಟ್ಟ ಬಾಡಿಗೆಯನ್ನೂ ಸೇರಿಸಿ ಕ್ಲೇಮ್ ಹಾಕಿ.

ಗಡಿನಾಡ ಲಾರಿ:
ಎಣ್ಣೆಯವರೇ, ಚಳಿಗೆ ತೆಂಗಿನೆಣ್ಣೆ ಹೆಪ್ಪುಗಟ್ಟಿದ್ದರೆ ಬಾಟಲಿ ಒಡೆದರೂ ಬಾಕ್ಸ್ ಒಣಗಿಯೇ ಇರುತ್ತದೆ, ಬಿಸಿಲೇರಿದ ಮೇಲೆ ಸೋರುತ್ತದೆ. ಗಿರಾಕಿ ಸಹಿ ಹಾಕಿದ್ದು ಹಾಗಾಗಿಯಾ ಎಂದು ಕೇಳಿ, ಹೌದಾದರೆ ನೋಟಿಸಿನಲ್ಲಿ ಬರೆಯಿರಿ. ಒಡೆದ ಗಾಜು, ಬಾಕ್ಸ್, ಲೇಬಲ್ ಯಾವುದನ್ನೂ ಎಸೆಯಬೇಡಿ ಎಂದು ಇವತ್ತೇ ಫೋನ್ ಮಾಡಿ. ಪರಿಶೀಲನೆಗೆ ಬಂದಾಗ ಮಾಲು ಇಲ್ಲದಿದ್ದರೆ ಅದೇ ಅವರಿಗೆ ಹೊಸ ಕಾರಣ.